ಸೇಂಟ್ ವಿನ್ಸೆಂಟ್ ಡಿ ಪಾಲ್ ಸೊಸೈಟಿ
ಕಥೊಲಿಕ ಧರ್ಮಕೇಂದ್ರಗಳನ್ನು ನೆಲೆಯಾಗಿಸಿಕೊಂಡು ಬಡವರ ಸೇವೆ ಮಾಡುವ, ಗೃಹಸ್ಥ ಭಕ್ತರ ಅಂತರರಾಷ್ಟ್ರೀಯ ಸ್ವಯಂಸೇವಾ ಸಂಘ. 1833ರ ಏಪ್ರಿಲ್ 23ರಂದು ಪ್ಯಾರಿಸ್‌ನಲ್ಲಿ ವಿದ್ಯಾರ್ಥಿ ಫ್ರೆಡರಿಕ್ ಓಝನಾಮ್ (1813–1853) ಮತ್ತು ಸಂಗಡಿಗರು ಸ್ಥಾಪಿಸಿದರು. ಬಡಬಗ್ಗರ ಮನೆ ಕಂಡು ನೆರವಾಗುವ ಕ್ರಮವನ್ನು ಅವರಿಗೆ ಕಲಿಸಿದವರು ಸಿಸ್ಟರ್ ರೊಸಾಲಿ ರೆಂದು. ಧರ್ಮಕೇಂದ್ರ ಮಟ್ಟದ ಘಟಕಕ್ಕೆ ಕಾನ್ಫರೆನ್ಸ್ ಎಂದು ಹೆಸರು. ಸದಸ್ಯರು ನಿಯತವಾಗಿ ಸಭೆ ಸೇರಿ ಪ್ರಾರ್ಥಿಸುತ್ತಾರೆ. ಯಾರು ಎಷ್ಟು ಕೊಟ್ಟರೆಂದು ತಿಳಿಯದಂತೆ ಗುಪ್ತ ಕಾಣಿಕೆ ಸಂಗ್ರಹಿಸುತ್ತಾರೆ. ಸಾಮಾನ್ಯವಾಗಿ ಇಬ್ಬಿಬ್ಬರಾಗಿ ಮನೆಭೇಟಿಗೆ ತೆರಳುತ್ತಾರೆ. ದಿನಸಿ, ಔಷಧಿ, ಶಾಲಾ ಶುಲ್ಕ, ಮನೆ ದುರಸ್ತಿಗೆ ನೆರವು ಸಲ್ಲುತ್ತದೆ. ಜಾತಿಮತಭೇದವಿಲ್ಲ. ಹಣಕ್ಕಿಂತಲೂ ಮುಖತಃ ಭೇಟಿಯೇ ಇದರ ಜೀವಾಳ. ಭಾರತಕ್ಕೆ ಹತ್ತೊಂಬತ್ತನೆಯ ಶತಮಾನದಲ್ಲೇ ಬಂದ ಸಂಘವು ಮಂಗಳೂರು, ಬೆಂಗಳೂರು ಧರ್ಮಪ್ರಾಂತ್ಯಗಳಲ್ಲಿಯೂ ಕಾರ್ಯನಿರತವಾಗಿದೆ. ಓಝನಾಮ್‌ರನ್ನು 1997ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಪುನೀತರೆಂದು ಘೋಷಿಸಿದರು.