ಚುಕುಬುಕು ಅನ್ನೋದರಲ್ಲಿ ನಾಲ್ಕೇ ಏಟು ಯಾಕೆ?

ಇವತ್ತಿನ ಎಪಿಸೋಡನ್ನ ಒಂದು ಸಣ್ಣ ಪ್ರಯೋಗದಿಂದ ಶುರು ಮಾಡೋಣ. ಪಕ್ಕದಲ್ಲಿರೋರಿಗೆ ಕೇಳಿಸದ ಹಾಗೆ ಮೆಲ್ಲಗೆ ‘ಚುಕುಬುಕು, ಚುಕುಬುಕು’ ಅಂತ ಹೇಳಿ ನೋಡಿ. ಎಷ್ಟು ಅಕ್ಷರ? ಚು, ಕು, ಬು, ಕು. ನಾಲ್ಕು. ನಮ್ಮ ಕಡೆ ಓಡಾಡ್ತಿದ್ದ ಉಗಿಬಂಡಿಯ ದೊಡ್ಡ ಚಕ್ರ ಒಂದು ಸುತ್ತು ಸುತ್ತಿದರೆ ಹೊಗೆಕೊಳವೆಯಿಂದ ಬರ್ತಿದ್ದದ್ದೂ ಸರಿಯಾಗಿ ನಾಲ್ಕು ಏಟು. ಕಾಕತಾಳೀಯವೇ ಇರಬಹುದು. ಆದರೆ ಆ ನಾಲ್ಕು ಆರಾಗಬಹುದಿತ್ತು. ಆರು ಏಟಿನ ಎಂಜಿನ್‌ಗಳು ಪ್ರಪಂಚದಲ್ಲಿ ಇದ್ದವು, ನಮ್ಮದಕ್ಕಿಂತ ನಯವಾಗಿಯೂ ಓಡ್ತಿದ್ದವು. ಹಾಗಿದ್ದರೆ ನಮಗೆ ನಾಲ್ಕೇ ಯಾಕೆ ಬಂತು? ಇವತ್ತಿನ ಕಥೆ ಅದೇ.

ಮೊದಲು ಜಾಗ ನೋಡಿಕೊಳ್ಳೋಣ. ವಿಜಯನಗರದಲ್ಲಿ ನೇರಳೆ ಮೆಟ್ರೋ ಹತ್ತಿ ಕೆಂಗೇರಿ ಕಡೆ ಹೊರಟರೆ, ನಾಯಂಡಹಳ್ಳಿ ದಾಟಿದ ಮೇಲೆ ಸ್ವಲ್ಪ ದೂರದಲ್ಲೇ ಇನ್ನೊಂದು ಹಳಿ ನಿಮ್ಮ ಜೊತೆಗೇ ಹೋಗ್ತಿರುತ್ತೆ. ಅದು ಬೆಂಗಳೂರು–ಮೈಸೂರು ರೈಲುದಾರಿ. ಮೆಟ್ರೋ ಕೆಂಗೇರಿಗೆ ಬಂದದ್ದು 2021ರ ಆಗಸ್ಟ್‌ನಲ್ಲಿ. ಪಕ್ಕದ ಹಳಿ ಮೈಸೂರು ಮುಟ್ಟಿದ್ದು 1882ರಲ್ಲಿ. 1876–78ರ ಭೀಕರ ಬರಗಾಲದಲ್ಲಿ ಹಸಿದವರಿಗೆ ಕೂಲಿ ಕೊಡೋ ಕಾಮಗಾರಿಯಾಗಿ ಇದರ ಮಣ್ಣಿನ ಕೆಲಸ ಶುರುವಾಯ್ತು. ಆಗ ಅದು ಕಡಿಮೆ ಖರ್ಚಿನ ಮೀಟರ್‌ಗೇಜ್ ದಾರಿ, ಅಂದರೆ ಎರಡು ಹಳಿಗಳ ನಡುವೆ ಬರೀ ಒಂದು ಮೀಟರ್. ಮದ್ದೂರಿನ ಹತ್ತಿರ ಶಿಂಷಾ, ಶ್ರೀರಂಗಪಟ್ಟಣದಲ್ಲಿ ಕಾವೇರಿ, ಹೀಗೆ ಸೇತುವೆಗಳನ್ನ ದಾಟಿ ಹೋಗೋ ದಾರಿ. ಈ ಎರಡು ವಿಷಯ ನೆನಪಿಟ್ಟುಕೊಳ್ಳಿ: ಒಂದು ಮೀಟರ್ ಅಗಲ, ಮತ್ತು ಸೇತುವೆಗಳು.

ಈಗ ಎಂಜಿನ್ ಒಳಗೆ ಹೋಗೋಣ. ಸಿಲಿಂಡರ್ ಒಂದು ಕೊಳವೆ. ಅದರೊಳಗೆ ಪಿಸ್ಟನ್. ಉಗಿ ಒಮ್ಮೆ ಮುಂದಿನಿಂದ ತಳ್ಳುತ್ತೆ, ಒಮ್ಮೆ ಹಿಂದಿನಿಂದ. ಆ ಹಿಂದೆಮುಂದೆ ಓಡಾಟವನ್ನ ಒಂದು ಉದ್ದನೆಯ ಸಲಾಕೆ ಚಕ್ರಕ್ಕೆ ಮುಟ್ಟಿಸಿ ತಿರುಗಿಸುತ್ತೆ. ಹಳೇ ಹೊಲಿಗೆ ಮೆಷಿನ್ನಿನ ಕಾಲುಪಟ್ಟಿ ನೆನಪಿಸಿಕೊಳ್ಳಿ, ಅದೇ ತತ್ವ.

ಒಂದೇ ಸಿಲಿಂಡರ್ ಇದ್ದರೆ ಒಂದು ತೊಂದರೆ ಇದೆ. ಪಿಸ್ಟನ್ ಸರಿಯಾಗಿ ತುದಿಯಲ್ಲಿ ನಿಂತುಬಿಟ್ಟರೆ ಎಷ್ಟು ಉಗಿ ಕೊಟ್ಟರೂ ಚಕ್ರ ತಿರುಗಲ್ಲ. ಸೈಕಲ್ ಪೆಡಲ್ ನೇರ ಕೆಳಗಿರುವಾಗ ಎಷ್ಟು ತುಳಿದರೂ ಪ್ರಯೋಜನವಿಲ್ಲ ಅಲ್ವಾ, ಹಾಗೆ. ಅದಕ್ಕೇ ಎಡಕ್ಕೊಂದು, ಬಲಕ್ಕೊಂದು ಸಿಲಿಂಡರ್ ಇಟ್ಟರು. ಎರಡನ್ನೂ 90 ಡಿಗ್ರಿ ಅಂತರದಲ್ಲಿ ಜೋಡಿಸಿದರು. ಒಂದು ತುದಿಯಲ್ಲಿ ಸಿಕ್ಕಿಕೊಂಡಿದ್ದರೆ ಇನ್ನೊಂದು ನಡುವೆ ಇರುತ್ತೆ. ಎಲ್ಲಿ ನಿಂತರೂ ಎಂಜಿನ್ ಹೊರಡುತ್ತೆ. ಎರಡು ಸಿಲಿಂಡರ್, ಪ್ರತಿಯೊಂದರಲ್ಲೂ ಎರಡೆರಡು ತಳ್ಳು, ಒಟ್ಟು ನಾಲ್ಕು. ಚು, ಕು, ಬು, ಕು.

ಇಲ್ಲಿಗೆ ಎಲ್ಲಾ ಸರಿ. ಆದರೆ ಪಿಸ್ಟನ್‌ಗೆ ತೂಕ ಇದೆಯಲ್ಲ.

ನಿಮ್ಮ ಕೈಲಿರೋ ಫೋನ್ ವೈಬ್ರೇಟ್ ಆಗುತ್ತೆ. ಎಷ್ಟೋ ಫೋನ್‌ಗಳಲ್ಲಿ ಅದನ್ನ ಮಾಡೋದು ಒಂದು ಪುಟಾಣಿ ಮೋಟಾರ್ ಮತ್ತು ಅದರ ಅಕ್ಷಕ್ಕೆ ಬೇಕಂತಲೇ ಒಂದೇ ಕಡೆ ವಾಲಿಸಿ ಕೂರಿಸಿದ ಒಂದು ಚೂರು ಲೋಹ. ಅಸಮತೋಲನ ಅಲ್ಲಿ ಉಪಕಾರಿ. ಅದೇ ಅಸಮತೋಲನ ನೂರಾರು ಕಿಲೋ ಉಕ್ಕಿನಲ್ಲಿ ಬಂದರೆ?

ಒಂದು ಲೆಕ್ಕ ಮಾಡೋಣ. ಸ್ವಾತಂತ್ರ್ಯದ ನಂತರ ಮೀಟರ್‌ಗೇಜ್ ಪ್ರಯಾಣಿಕರ ಗಾಡಿಗಳಿಗೆ ಅಂತಲೇ ಬಂದ ಎಂಜಿನ್ ವೈಪಿ. ಎರಡು ಸಿಲಿಂಡರ್, ಎರಡೂ ಹೊರಗಡೆ. ಎಳೆಯೋ ಚಕ್ರದ ವ್ಯಾಸ ಸುಮಾರು 1.37 ಮೀಟರ್. ಪಿಸ್ಟನ್ ಓಡಾಟ 61 ಸೆಂಟಿಮೀಟರ್. ಗಂಟೆಗೆ 72 ಕಿಲೋಮೀಟರ್ ವೇಗ ಇಟ್ಟುಕೊಳ್ಳಿ, ಅಂದರೆ ಸೆಕೆಂಡಿಗೆ 20 ಮೀಟರ್. ಆಗ ಚಕ್ರ ಸೆಕೆಂಡಿಗೆ ನಾಲ್ಕೂವರೆ ಸುತ್ತಿಗಿಂತ ಹೆಚ್ಚು ತಿರುಗುತ್ತೆ. ಅಂದರೆ ಪಿಸ್ಟನ್ ಒಂದು ಸೆಕೆಂಡಲ್ಲಿ ಒಂಬತ್ತು ಸಲ ನಿಂತು, ಹಿಂದಿರುಗಿ, ಮತ್ತೆ ಓಡಬೇಕು. ಹೀಗೆ ಓಡಾಡೋ ಪ್ರತಿ 100 ಕಿಲೋ ಲೋಹವನ್ನ ತುದಿಯಲ್ಲಿ ತಡೆದು ವಾಪಸ್ ಕಳಿಸೋಕೆ ಬೇಕಾಗೋ ಬಲ ಸುಮಾರು ಎರಡೂವರೆ ಟನ್ ಭಾರಕ್ಕೆ ಸಮ. ವೇಗ ಅರ್ಧಕ್ಕೆ ಇಳಿಸಿದರೆ ಈ ಬಲ ಕಾಲುಭಾಗಕ್ಕೆ ಇಳಿಯುತ್ತೆ, ಎರಡರಷ್ಟು ಮಾಡಿದರೆ ನಾಲ್ಕು ಪಟ್ಟು. ಹಾಗಾಗಿ ನಿಧಾನದ ಎಂಜಿನ್‌ಗಳ ಕಾಲದಲ್ಲಿ ಇದು ಅಷ್ಟು ಕಾಡಲಿಲ್ಲ. ವೇಗ ಬಂದ ಮೇಲೆ ಕಾಡಿತು.

1840ರ ದಶಕದ ಕೊನೆಗೆ ಯುರೋಪಿನಲ್ಲಿ ಕೆಲವರು ಒಂದು ವಿಚಿತ್ರ ಪರೀಕ್ಷೆ ಮಾಡಿದರು. ಇಡೀ ರೈಲು ಎಂಜಿನನ್ನ ಸರಪಳಿಗಳಲ್ಲಿ ನೇತುಹಾಕಿ, ಉಗಿ ಕೊಟ್ಟು, ಗಾಳಿಯಲ್ಲೇ ಓಡಿಸಿದರು. ಹಳಿ ಹಿಡಿದುಕೊಳ್ಳೋಕೆ ಇಲ್ಲದಿದ್ದಾಗ ಎಂಜಿನ್ ಉಯ್ಯಾಲೆ ಥರ ಹಿಂದೆಮುಂದೆ ತೂಗಾಡಿತು, ತಲೆ ಎಡಬಲ ಆಡಿಸಿತು. ಫ್ರಾನ್ಸಿನ ಲೂಯಿ ಲ ಶಾತೆಲಿಯೆ ಅನ್ನೋ ಎಂಜಿನಿಯರ್ 1849ರಲ್ಲಿ ಎಂಜಿನ್‌ಗಳ ಸ್ಥಿರತೆಯ ಬಗ್ಗೆಯೇ ಒಂದು ಪುಸ್ತಕ ತಂದ.

ಇದಕ್ಕೆ ಪರಿಹಾರ ಏನು? ಚಕ್ರದಲ್ಲಿ, ಸಲಾಕೆ ಕೂತ ಜಾಗದ ಎದುರು ಬದಿಗೆ ಒಂದು ಭಾರ ಹಾಕೋದು. ಉಗಿಬಂಡಿಯ ಚಿತ್ರ ನೋಡಿ, ದೊಡ್ಡ ಚಕ್ರದ ಒಂದು ಬದಿಯಲ್ಲಿ ಅರ್ಧಚಂದ್ರದ ಹಾಗೆ ದಪ್ಪ ಲೋಹ ತುಂಬಿರುತ್ತೆ. ಅದು ಅಂದಕ್ಕಲ್ಲ.

ಆದರೆ ಇಲ್ಲೇ ಒಂದು ಮೋಸ ಇದೆ. ಪಿಸ್ಟನ್ ಓಡಾಡೋದು ಹಿಂದೆಮುಂದೆ ಮಾತ್ರ. ಚಕ್ರದ ಭಾರ ದುಂಡಗೆ ಸುತ್ತುತ್ತೆ. ಹಿಂದೆಮುಂದಿನ ಕುಲುಕಾಟವನ್ನ ಅದು ತಡೆಯುತ್ತೆ ನಿಜ. ಆದರೆ ಮೇಲೆಕೆಳಗೆ ಹೋಗುವಾಗ ಅದನ್ನ ತಡೆಯೋರು ಯಾರೂ ಇಲ್ಲ. ಕೆಳಗೆ ಬಂದಾಗ ಚಕ್ರವನ್ನ ಹಳಿಗೆ ಒತ್ತುತ್ತೆ, ಮೇಲೆ ಹೋದಾಗ ಚಕ್ರವನ್ನ ಎತ್ತೋಕೆ ನೋಡುತ್ತೆ. ಪ್ರತಿ ಸುತ್ತಿಗೂ ಹಳಿಗೆ ಒಂದು ಸುತ್ತಿಗೆ ಏಟು. ಎಂಜಿನಿಯರುಗಳು ಇದನ್ನ ಕರೆಯೋದೂ ಹಾಗೇ, ಹ್ಯಾಮರ್ ಬ್ಲೋ ಅಂತ.

ಅಂದರೆ ಕುಲುಕಾಟ ಎಲ್ಲೂ ಮಾಯ ಆಗಲಿಲ್ಲ. ಪ್ರಯಾಣಿಕನ ಬೆನ್ನಿನಿಂದ ತೆಗೆದು ಸೇತುವೆಯ ಬೆನ್ನಿಗೆ ಹಾಕಿದಂಗಾಯ್ತು ಅಷ್ಟೇ. ಅದಕ್ಕೇ ಯಾರೂ ಪೂರ್ತಿ ಸರಿದೂಗಿಸಲ್ಲ. ಪಠ್ಯಪುಸ್ತಕದ ಲೆಕ್ಕಗಳಲ್ಲಿ ಸಾಮಾನ್ಯವಾಗಿ ಮೂರನೇ ಎರಡು ಭಾಗ ಅಂತಿರುತ್ತೆ. ಎರಡು ಸಿಲಿಂಡರಿನ ಎಂಜಿನ್‌ಗಳಲ್ಲಿ ಇದು ರಾಜಿ ಪಂಚಾಯಿತಿ: ಇಷ್ಟು ನೀನು ತಡ್ಕೋ, ಇಷ್ಟು ನಾನು ತಡ್ಕೋತೀನಿ.

ಹಾಗಾದರೆ ನಿಜವಾದ ಸಮತೋಲನ ಸಾಧ್ಯವೇ ಇಲ್ವಾ? ಇದೆ. ಭಾರದ ಬದಲು ಇನ್ನೊಂದು ಪಿಸ್ಟನ್ನನ್ನೇ ಎದುರಿಗೆ ಓಡಿಸಬೇಕು. ಮೂರು ಸಿಲಿಂಡರ್ ಇಟ್ಟು 120 ಡಿಗ್ರಿ ಅಂತರದಲ್ಲಿ ಜೋಡಿಸಿದರೆ, ಮೂರೂ ಸಮ ತೂಕ ಇದ್ದರೆ, ಹಿಂದೆಮುಂದಿನ ಬಲಗಳು ಒಂದನ್ನೊಂದು ಕಳೆದುಕೊಳ್ಳುತ್ತವೆ. ತಲೆ ಎಡಬಲ ಆಡಿಸೋದು ಸ್ವಲ್ಪ ಉಳಿಯುತ್ತೆ, ಯಾಕಂದ್ರೆ ಮೂರೂ ಅಕ್ಕಪಕ್ಕದಲ್ಲಿವೆ, ಒಂದೇ ಗೆರೆಯಲ್ಲಿ ಇಲ್ಲ. ಏಟು ಆರು. ನಾಲ್ಕು ಸಿಲಿಂಡರ್ ಇಟ್ಟರೆ ಇನ್ನೂ ಅನುಕೂಲ: ಪ್ರತಿ ಬದಿಯಲ್ಲೂ ಹೊರಗಿನದು ಮುಂದೆ ಹೋಗುವಾಗ ಒಳಗಿನದು ಹಿಂದೆ. ಹಡಗುಗಳಲ್ಲಿ 1890ರ ದಶಕದಲ್ಲಿ ಜರ್ಮನಿಯ ಒಟ್ಟೋ ಶ್ಲಿಕ್ ಇದನ್ನ ಇನ್ನೂ ಮುಂದಕ್ಕೆ ಒಯ್ದ. ನಾಲ್ಕು ಪಿಸ್ಟನ್‌ಗಳ ತೂಕ, ಅವುಗಳ ನಡುವಿನ ದೂರ, ಕೋನ, ಈ ಮೂರನ್ನೂ ಬೇಕಂತಲೇ ಅಸಮವಾಗಿ ಆರಿಸಿ, ಬಲವೂ ತಿರುಚಾಟವೂ ಎರಡೂ ಕಳೆದುಹೋಗೋ ಹಾಗೆ ಮಾಡಿದ. 1902ರಲ್ಲಿ ಇಂಗ್ಲೆಂಡಿನ ಡಬ್ಲ್ಯೂ.ಇ. ಡಾಲ್ಬಿ ಇಂಥ ಲೆಕ್ಕವನ್ನೆಲ್ಲ ಒಂದು ಕೋಷ್ಟಕಕ್ಕೆ ಇಳಿಸೋ ವಿಧಾನವನ್ನ ಪುಸ್ತಕವಾಗಿ ತಂದ.

ನಮ್ಮ ಕೇಳುಗರಲ್ಲಿ ಮೆಕ್ಯಾನಿಕಲ್‌ನೋರು ಇದ್ದರೆ ಈಗ ನಗ್ತಿರ್ತೀರಿ. ಹೌದು, ಡೈನಾಮಿಕ್ಸ್ ಆಫ್ ಮಷಿನರಿ ಪೇಪರ್‌ನ ಬ್ಯಾಲೆನ್ಸಿಂಗ್ ಅಧ್ಯಾಯ, ಆ ಕೋಷ್ಟಕ, ಅದೇ ಇದು. ನಾನೂ ಅದನ್ನ ಉರು ಹೊಡೆದು ಪಾಸಾದವನೇ. ‘ಲೋಕೋಮೋಟಿವ್‌ನ ಹ್ಯಾಮರ್ ಬ್ಲೋ ಕಂಡುಹಿಡಿಯಿರಿ’ ಅಂದಾಗ ಉತ್ತರ ಬರೆದೆ. ಆ ಸುತ್ತಿಗೆ ಯಾರ ಮೇಲೆ ಬೀಳುತ್ತೆ ಅಂತ ಕೇಳಲೇ ಇಲ್ಲ.

ಬೇರೆಯವರು ಕೇಳಿದ್ದರು. 1923ರಲ್ಲಿ ಬ್ರಿಟನ್ನಿನಲ್ಲಿ ಸೇತುವೆಗಳ ಮೇಲಿನ ಒತ್ತಡ ಅಳೆಯೋಕೆ ಅಂತಲೇ ಒಂದು ಸಮಿತಿ ಕೂತಿತು, 1928ರಲ್ಲಿ ವರದಿ ಕೊಟ್ಟಿತು. ಎಂಜಿನ್ ಎಷ್ಟು ತೂಕ ಅನ್ನೋದಷ್ಟೇ ಮುಖ್ಯ ಅಲ್ಲ, ಓಡುವಾಗ ಎಷ್ಟು ಹೊಡೆಯುತ್ತೆ ಅನ್ನೋದೂ ಮುಖ್ಯ ಅಂತ ಅದರಿಂದ ಸ್ಪಷ್ಟವಾಯ್ತು. ನಾಲ್ಕು ಸಿಲಿಂಡರಿನ ಭಾರಿ ಎಂಜಿನ್ ಎರಡು ಸಿಲಿಂಡರಿನ ಹಗುರ ಎಂಜಿನ್‌ಗಿಂತ ಸೇತುವೆಗೆ ಸೌಮ್ಯವಾಗಿರಬಹುದು. ಅಲ್ಲಿನ ಗ್ರೇಟ್ ವೆಸ್ಟರ್ನ್ ರೈಲ್ವೆಯ ‘ಕಿಂಗ್’ ಎಂಜಿನ್‌ಗಳು 1927ರಲ್ಲಿ ಬಂದಾಗ ಅಕ್ಷಕ್ಕೆ 22.5 ಟನ್ ಭಾರ ಹೊತ್ತಿದ್ದವು. ನಾಲ್ಕು ಸಿಲಿಂಡರ್ ಆಗಿದ್ದರಿಂದ ಅವುಗಳ ಸುತ್ತಿಗೆ ಏಟು ಕಡಿಮೆ ಇತ್ತು.

ಭಾರತದಲ್ಲೂ ಪ್ರಯತ್ನ ಆಗಿತ್ತು. ಬ್ರಾಡ್‌ಗೇಜ್‌ನ ಬಂಗಾಳ ನಾಗಪುರ ರೈಲ್ವೆ ನಾಲ್ಕು ಸಿಲಿಂಡರಿನ ಕಾಂಪೌಂಡ್ ಎಂಜಿನ್‌ಗಳನ್ನ ಓಡಿಸಿತ್ತು. ನಮ್ಮ ಪಕ್ಕದ ನೀಲಗಿರಿ ರೈಲಿನ ಎಂಜಿನ್‌ಗೂ ನಾಲ್ಕು ಸಿಲಿಂಡರ್ ಇದೆ, ಆದರೆ ಅದು ಸಮತೋಲನಕ್ಕಲ್ಲ, ಘಾಟಿಯಲ್ಲಿ ಹಲ್ಲುಹಳಿ ಕಚ್ಚಿಕೊಂಡು ಹತ್ತೋಕೆ.

ಹಾಗಿದ್ದರೂ ಸ್ವಾತಂತ್ರ್ಯದ ನಂತರ ಭಾರತ ಆರಿಸಿದ ಮುಖ್ಯ ಎಂಜಿನ್‌ಗಳು, ಬ್ರಾಡ್‌ಗೇಜ್‌ನ ಡಬ್ಲ್ಯೂಪಿ, ಡಬ್ಲ್ಯೂಜಿ, ಮೀಟರ್‌ಗೇಜ್‌ನ ವೈಪಿ, ವೈಜಿ, ಎಲ್ಲವೂ ಎರಡೇ ಸಿಲಿಂಡರ್. ದಡ್ಡತನವಾ? ನನಗೆ ಹಾಗನ್ನಿಸಲ್ಲ.

ಮೂರನೇ, ನಾಲ್ಕನೇ ಸಿಲಿಂಡರ್ ಇಡೋದು ಎಲ್ಲಿ? ಚಕ್ರಗಳ ನಡುವೆ, ಎಂಜಿನ್ನಿನ ಹೊಟ್ಟೆಯೊಳಗೆ. ಅದಕ್ಕೆ ಅಕ್ಷವನ್ನೇ ಬಾಗಿಸಿ ಕ್ರ್ಯಾಂಕ್ ಮಾಡಬೇಕು. ಅದು ದುಬಾರಿ, ಬಿರುಕು ಬಿಟ್ಟರೆ ಅಪಾಯ. 1938ರ ಜುಲೈ 3ರಂದು ಬ್ರಿಟನ್ನಿನ ‘ಮಲ್ಲಾರ್ಡ್’ ಗಂಟೆಗೆ ಸುಮಾರು 203 ಕಿ.ಮೀ. ಓಡಿ ಉಗಿಬಂಡಿಯ ವಿಶ್ವದಾಖಲೆ ಮಾಡಿತಲ್ಲ, ಅದು ಮೂರು ಸಿಲಿಂಡರಿನದು. ಆ ಓಟದಲ್ಲೇ ಕಾದು ಕೆಟ್ಟದ್ದು ಯಾವ ಬೇರಿಂಗ್ ಗೊತ್ತಾ? ನಡುವಿನ ಸಿಲಿಂಡರಿನದು. ಕಣ್ಣಿಗೆ ಕಾಣದ, ಕೈಗೆ ಎಟುಕದ ಜಾಗದ್ದು.

ಈಗ ಅದನ್ನೇ ಒಂದು ಮೀಟರ್ ಅಗಲಕ್ಕೆ ಕುಗ್ಗಿಸಿ ಯೋಚಿಸಿ. ದಿನಾ ಎಣ್ಣೆ ಹಾಕೋಕೆ, ಬಿಗಿ ಮಾಡೋಕೆ ಫಿಟ್ಟರ್ ಒಬ್ಬ ಎಂಜಿನ್ ಕೆಳಗಿನ ಗುಂಡಿಗೆ ಇಳಿದು, ಬಿಸಿ ಬೂದಿ, ತೊಟ್ಟಿಕ್ಕೋ ನೀರಿನ ನಡುವೆ, ಆ ಸಂದಿಯಲ್ಲಿ ಕೈ ತೂರಿಸಬೇಕು. ಎರಡು ಸಿಲಿಂಡರಿನ ವೈಪಿಯಲ್ಲಿ ಹಾಗಿಲ್ಲ. ಎಲ್ಲಾ ಹೊರಗಡೆ, ನಿಂತೇ ಕೆಲಸ ಮಾಡಬಹುದು. ಅಂದರೆ ಕುಲುಕಾಟ ಕಡಿಮೆ ಆದರೆ ಫಿಟ್ಟರ್ ಬೆನ್ನಿಗೆ ಭಾರ. ಫಿಟ್ಟರಿಗೆ ಸುಲಭ ಆದರೆ ಸೇತುವೆಗೋ ಪ್ರಯಾಣಿಕನಿಗೋ ಭಾರ. ಮೀಟರ್‌ಗೇಜ್‌ನಲ್ಲಿ ಗರಿಷ್ಠ ವೇಗವೇ ಗಂಟೆಗೆ 75 ಕಿ.ಮೀ. ಆಸುಪಾಸು. ಆ ವೇಗಕ್ಕೆ ಎರಡನೇ ರಾಜಿ ಒಪ್ಪುವಂಥದ್ದು. ಜೊತೆಗೆ ಸಮತೋಲನದ ಭಾರವನ್ನ ಒಂದೇ ಚಕ್ರಕ್ಕೆ ಹೇರದೆ ಸಲಾಕೆಯಿಂದ ಜೋಡಿಸಿದ ಮೂರೂ ಅಕ್ಷಗಳಿಗೆ ಹಂಚಬಹುದು, ಏಟು ಚದುರುತ್ತೆ. ಹೀಗೆ 871 ವೈಪಿಗಳು ತಯಾರಾದವು.

ಹೊಸ ತಂತ್ರಜ್ಞಾನ ಬಂದಾಗಲೆಲ್ಲ ‘ಸ್ಮೂತ್’ ಅನ್ನೋ ಮಾತು ಕೇಳ್ತೀವಿ. ನಾನೀಗ ಕೇಳೋ ಪ್ರಶ್ನೆ ಒಂದೇ: ನನಗೆ ನಯವಾದದ್ದು ಯಾರಿಗೆ ಒರಟಾಯ್ತು? ಬರಗಾಲದ ಕೂಲಿಗಳು ಮಣ್ಣು ಹೊತ್ತ ದಾರಿಯ ಮೇಲೆ ಕೇಳಬೇಕಾದ ಪ್ರಶ್ನೆ ಅನ್ಸುತ್ತೆ ಅದು.

ಮೆಟ್ರೋ ರೈಲಿಗೆ ಈ ತಲೆನೋವಿಲ್ಲ. ಅದರ ಮೋಟಾರಿನಲ್ಲಿ ಹಿಂದೆಮುಂದೆ ಓಡೋದು ಏನೂ ಇಲ್ಲ, ಸುತ್ತೋದು ಮಾತ್ರ. ಸುತ್ತೋದನ್ನ ಪೂರ್ತಿ ಸರಿದೂಗಿಸಬಹುದು. ಕೆಂಗೇರಿ ಸುತ್ತಮುತ್ತಲ ಕಾಲೇಜುಗಳಲ್ಲಿ ಮಾತ್ರ ಈಗಲೂ ಹುಡುಗ ಹುಡುಗಿಯರು ಹ್ಯಾಮರ್ ಬ್ಲೋ ಲೆಕ್ಕ ಬಿಡಿಸ್ತಾರೆ. ಅವರಿಗೆ ಒಂದು ಕೆಲಸ ಹೇಳ್ತೀನಿ. ಪಕ್ಕದ ಹಳಿಯಲ್ಲೇ ರೈಲು ಹತ್ತಿ ಮೈಸೂರಿಗೆ ಹೋಗಿ. ಸ್ಟೇಷನ್ ಹತ್ತಿರವೇ 1979ರಲ್ಲಿ ಶುರುವಾದ ರೈಲ್ವೆ ಮ್ಯೂಸಿಯಂ ಇದೆ. ಅಲ್ಲಿರೋ ಉಗಿ ಎಂಜಿನ್‌ಗಳ ಚಕ್ರದಲ್ಲಿ ಆ ಅರ್ಧಚಂದ್ರದ ಭಾರ ಹುಡುಕಿ, ಮುಟ್ಟಿ ನೋಡಿ. ಪರೀಕ್ಷೆಯಲ್ಲಿ ಬರೆದ ಉತ್ತರ ಕೈಗೆ ತಣ್ಣಗೆ ತಾಗುತ್ತೆ.

ಫೋಟೋ ತೆಗೆದರೆ ನಮಗೂ ಕಳಿಸಿ. ಮುಂದಿನ ವಾರ ಸಿಗೋಣ.