ಆಸ್ಪತ್ರೆ ನಿರ್ವಹಣಾ ಶಿಕ್ಷಣ (ವೃತ್ತಿನಿರತರಿಗೆ)

ವೈದ್ಯರು, ದಾದಿಯರು, ಆಡಳಿತಗಾರರು ಕೆಲಸ ಬಿಡದೆ ಪಡೆಯುವ ಅಲ್ಪಾವಧಿಯ ನಿರ್ವಹಣಾ ತರಬೇತಿ. 1973ರಲ್ಲಿ ಆರಂಭವಾದ ಬೆಂಗಳೂರು ಐಐಎಂ ಆರೋಗ್ಯ ಕ್ಷೇತ್ರದ ಅಧಿಕಾರಿಗಳಿಗೆಂದೇ ಇಂಥ ಕೋರ್ಸ್ ನಡೆಸಿದೆ. ಅದರ ಆವರಣವಿರುವುದು ನಗರದ ದಕ್ಷಿಣದ ಬನ್ನೇರುಘಟ್ಟ ರಸ್ತೆಯಲ್ಲಿ. ಇಂಥ ತರಬೇತಿಯ ಅಗತ್ಯ ಮಾತ್ರ ಉತ್ತರದಲ್ಲೂ ಅಷ್ಟೇ ಇದೆ. ಯಶವಂತಪುರದ ಬಳಿ 1979ರ ಎಂ.ಎಸ್. ರಾಮಯ್ಯ ವೈದ್ಯಕೀಯ ಕಾಲೇಜಿದೆ, ಹೆಬ್ಬಾಳದಲ್ಲಿ ಆಸ್ಟರ್ ಸಿಎಂಐಯಂಥ ದೊಡ್ಡ ಖಾಸಗಿ ಆಸ್ಪತ್ರೆಗಳಿವೆ, ಯಲಹಂಕದಲ್ಲಿ ಸರ್ಕಾರಿ ಆಸ್ಪತ್ರೆಯಿದೆ.

ಈ ಶಿಕ್ಷಣ ಏಕೆ ಬೇಕೆಂಬುದಕ್ಕೆ ಡಿಸ್ಚಾರ್ಜ್ ದಿನವೊಂದೇ ಸಾಕ್ಷಿ. ಬೆಳಗಿನ ರೌಂಡ್ಸ್‌ನಲ್ಲಿ ವೈದ್ಯರು ‘ಮನೆಗೆ ಹೋಗಬಹುದು’ ಎನ್ನುತ್ತಾರೆ. ಆಮೇಲೆ ಡಿಸ್ಚಾರ್ಜ್ ಸಮ್ಮರಿ ಟೈಪ್ ಆಗಬೇಕು, ಮಿಕ್ಕ ಔಷಧಿ ಫಾರ್ಮಸಿಗೆ ಮರಳಬೇಕು, ಬಿಲ್ಲಿಗೆ ವಿಮೆಯವರ ಒಪ್ಪಿಗೆ ಬರಬೇಕು. ಹಾಸಿಗೆ ಖಾಲಿಯಾಗುವಷ್ಟರಲ್ಲಿ ಸಂಜೆ. ಅಷ್ಟು ಹೊತ್ತೂ ಎಮರ್ಜೆನ್ಸಿಯಲ್ಲಿ ಇನ್ನೊಬ್ಬರು ಸ್ಟ್ರೆಚರ್ ಮೇಲೆಯೇ. 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ನಗದುರಹಿತ ಬಿಲ್ಲಿನ ಅಂತಿಮ ಒಪ್ಪಿಗೆಗೆ ಮೂರು ಗಂಟೆಯ ಗಡುವು ಹಾಕಿತು. ಉಳಿದ ತಡವೆಲ್ಲ ಆಸ್ಪತ್ರೆಯದೇ, ಅದಕ್ಕೆ ಸ್ಟೆತಾಸ್ಕೋಪಿನಲ್ಲಿ ಮದ್ದಿಲ್ಲ. ವೈದ್ಯರಿಗೆ ಲೆಕ್ಕ ಕಲಿಸಿದರೆ ರೋಗಿ ಗಿರಾಕಿಯಾಗುತ್ತಾನೆ ಎಂಬ ಆಕ್ಷೇಪವಿದೆ. ಅದು ಹುರುಳಿಲ್ಲದ ಮಾತಲ್ಲ. ಆದರೆ ಲೆಕ್ಕ ಬಲ್ಲವರೇ ದರ ಇಳಿಸಿದ್ದೂ ಇದೇ ಊರಿನಲ್ಲಿ: ಹೆಚ್ಚು ಶಸ್ತ್ರಚಿಕಿತ್ಸೆ ಮಾಡಿ ತಲಾ ವೆಚ್ಚ ತಗ್ಗಿಸಿದ ಡಾ. ದೇವಿ ಶೆಟ್ಟಿಯವರ ನಾರಾಯಣ ಹೃದಯಾಲಯ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಪಾಠವಾಗಿದೆ. ಕೋರ್ಸಿಗೆ ಹಿರಿಯ ವೈದ್ಯರನ್ನಷ್ಟೇ ಕಳಿಸಿದರೆ ಸಾಲದು, ವಾರ್ಡಿನ ಹಿರಿಯ ದಾದಿಯೂ ಹೋಗಬೇಕು. ಡಿಸ್ಚಾರ್ಜ್ ಫೈಲು ಕೂತಿರುವುದು ಅವರ ಮೇಜಿನ ಮೇಲೆ.