ಪುಣೆಯ ಪ್ರಯೋಗಶಾಲೆಯೂ ಅನಿಲದ ಜರಡಿಯೂ

ಪುಣೆಯ ಪಾಷಾಣ್ ರಸ್ತೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಶಾಲೆಗೆ 1947ರ ಏಪ್ರಿಲ್ 6ರಂದು ಮುಂಬಯಿ ಪ್ರಾಂತದ ಅಂದಿನ ಸರಕಾರದ ಮುಖ್ಯಸ್ಥರಾದ ಬಾಳಾಸಾಹೇಬ ಖೇರರು ಅಸ್ತಿಭಾರವಿಟ್ಟರು. 1950ರ ಜನವರಿ 3ರಂದು ನೆಹರೂ ಅವರಿಂದ ಅದರ ಉದ್ಘಾಟನೆಯಾಯಿತು. ಇಂತಹ ಸಮಾರಂಭಗಳ ಶಿಲಾಫಲಕ ಯಾವ ಊರಿನಲ್ಲಿಲ್ಲ? ಈ ಸಂಸ್ಥೆಯ ವಿಷಯದಲ್ಲಿ ನನ್ನ ಕುತೂಹಲವನ್ನು ಕೆರಳಿಸುವುದು ಅದರ ಮೊದಲ ಇಬ್ಬರು ನಿರ್ದೇಶಕರ ಪೂರ್ವವೃತ್ತಾಂತ. ಏಕೆಂದರೆ, ಸೂಕ್ಷ್ಮರಂಧ್ರಗಳಿಂದ ಅನಿಲಗಳನ್ನು ಬೇರ್ಪಡಿಸುವ ವಿದ್ಯೆಗೆ ಬೇಕಾದ ಎರಡು ಬಗೆಯ ಅರಿವು ಅವರೊಡನೆ ಈ ಊರಿಗೆ ಬಂದಿತು.

ಮೊದಲನೆಯವರು ಕೆನಡಾ ಸಂಜಾತರಾದ ಜೇಮ್ಸ್ ವಿಲಿಯಂ ಮ್ಯಾಕ್‌ಬೇನ್. ಸಾಬೂನಿನ ದ್ರಾವಣಗಳ ಸಂಶೋಧನೆಯಿಂದ ಪ್ರಖ್ಯಾತರಾದವರು. ನಮಗಿಲ್ಲಿ ಪ್ರಕೃತವಾದುದು ಅವರ 1932ರ ಗ್ರಂಥ. ಚಾಬಝೈಟ್ ಎಂಬ ಖನಿಜವನ್ನು ಕಾಯಿಸಿ ಒಳಗಿನ ನೀರನ್ನು ಹೊರಡಿಸಿದರೆ, ಅದು ಅನಂತರ ಜಲಬಾಷ್ಪವನ್ನೂ ಮದ್ಯಸಾರದ ಆವಿಯನ್ನೂ ಹೀರಿಕೊಳ್ಳುವುದೆಂದೂ ಬೆಂಜೀನನ್ನು ಮಾತ್ರ ಒಳಗೆ ಬಿಡದೆಂದೂ 1925ರಲ್ಲಿ ವೈಗೆಲ್ ಮತ್ತು ಸ್ಟೈನ್‌ಹಾಫ್ ಎಂಬವರು ಕಂಡಿದ್ದರು. ಗಾತ್ರವನ್ನು ನೋಡಿ ಪ್ರವೇಶವೀಯುವ ಇಂತಹ ವಸ್ತುಗಳನ್ನು ಆ ಗ್ರಂಥದಲ್ಲಿ ಮ್ಯಾಕ್‌ಬೇನರು ಅಣುಜರಡಿಗಳೆಂದು ಕರೆದರು.

1952ರಲ್ಲಿ ಅವರ ಪೀಠಕ್ಕೆ ಬಂದ ಜಾರ್ಜ್ ಇಂಗಲ್ ಫಿಂಚರು, ಮೂವತ್ತು ವರ್ಷಗಳ ಹಿಂದೆ, ಸಿಲಿಂಡರಿನ ಆಮ್ಲಜನಕವನ್ನು ಸೇವಿಸಿ ಪರ್ವತವನ್ನೇರುವುದು ಪೌರುಷವಲ್ಲವೆಂದು ಮೂಗು ಮುರಿಯುವವರ ನಡುವೆಯೇ ಅದನ್ನು ಬೆನ್ನಿಗೆ ಕಟ್ಟಿಕೊಂಡು, ಜೆಫ್ರಿ ಬ್ರೂಸರೊಡನೆ ಎವರೆಸ್ಟಿನ ಮೇಲೆ ಸುಮಾರು 8,300 ಮೀಟರು ಎತ್ತರವನ್ನು ಮುಟ್ಟಿದವರು. ವಿಜ್ಞಾನದಲ್ಲಿ ಅವರ ಸಾಧನೆ ಬೇರೆ ತೆರನಾದುದು: ವಿದ್ಯುತ್ ಹರಿಯುವಾಗ ಋಣಧ್ರುವದ ಮೇಲೆ ಲೋಹದ ಹರಳುಗಳು ಬೆಳೆಯುವ ಬಗೆಯನ್ನು ಅವರು ಇಲೆಕ್ಟ್ರಾನ್ ಕಿರಣಗಳಿಂದ ಪರೀಕ್ಷಿಸಿದ್ದರು.

ಹೀಗೆ ವಿದ್ಯುತ್ತಿನಿಂದ ಬೆಳೆಸಿದ ಲೋಹವನ್ನೇ ಅನಿಲಗಳನ್ನು ಬೇರ್ಪಡಿಸುವ ಪೊರೆಯಾಗಿಸುವ ಯತ್ನ ದ್ವಿತೀಯ ಮಹಾಯುದ್ಧದಲ್ಲಿ ಅಮೆರಿಕದಲ್ಲಿ ನಡೆದಿತ್ತು. ಅಣುಬಾಂಬಿಗಾಗಿ ಬೇರ್ಪಡಿಸಬೇಕಾಗಿದ್ದ ಯುರೇನಿಯಮಿನ ಎರಡು ಐಸೊಟೋಪುಗಳ ಅನಿಲರೂಪಗಳು ಒಂದು ಪೊರೆಯನ್ನು ದಾಟುವ ವೇಗದಲ್ಲಿ 1.0043ಕ್ಕಿಂತ ಹೆಚ್ಚಿನ ಅನುಪಾತ ದೊರೆಯದು; ಆದಕಾರಣ ಸಹಸ್ರಾರು ಹಂತಗಳು ಬೇಕು. ನಾರಿಸ್ ಮತ್ತು ಆಡ್ಲರ್ ರಚಿಸಿದ ನಿಕ್ಕಲ್ ಜಾಲ ಭಂಗುರವಾಗಿದ್ದುದರಿಂದ, ಓಕ್ ರಿಡ್ಜ್‌ನ ಯುರೇನಿಯಮ್ ಸ್ಥಾವರಕ್ಕೆ ಕೊನೆಗೆ ನಿಕ್ಕಲ್ ಪುಡಿಯ ಪೊರೆಯೇ ಗತಿಯಾಯಿತು.

ಧನಧ್ರುವದ ಮಾರ್ಗವೂ ಒಂದುಂಟು. ಅಲ್ಯೂಮಿನಿಯಮ್ ತಗಡನ್ನು ಆಮ್ಲದಲ್ಲಿ ಮುಳುಗಿಸಿ ವಿದ್ಯುತ್ ಹರಿಸಿದರೆ, ಅದರ ಮೇಲೆ ಬೆಳೆಯುವ ಆಕ್ಸೈಡಿನಲ್ಲಿ ನೆಟ್ಟನೆಯ ರಂಧ್ರಗಳು ಏಳುತ್ತವೆ. ಅವುಗಳ ಷಟ್ಕೋಣರಚನೆಯನ್ನು 1953ರಲ್ಲಿ ಕೆಲರ್, ಹಂಟರ್, ರಾಬಿನ್‌ಸನ್ ವಿವರಿಸಿದರು. ಆನೊಡೈಸಿಂಗ್ ಮಾಡುವ ಕಾರ್ಖಾನೆಯವನು, ಪುಣೆಯ ಭೋಸರಿಯಲ್ಲಾಗಲಿ ಇನ್ನೆಲ್ಲಿಯೇ ಆಗಲಿ, ಆ ರಂಧ್ರಗಳಲ್ಲಿ ಬಣ್ಣ ತುಂಬಿ, ತಗಡನ್ನು ಕುದಿಯುವ ನೀರಿಗೆ ಅದ್ದಿ ಅವುಗಳ ಬಾಯಿ ಮುಚ್ಚುತ್ತಾನೆ. ಪೊರೆಯನ್ನು ಬಯಸುವವನಾದರೋ, ಅಡಿಯ ಲೋಹವನ್ನು ಕರಗಿಸಿ ರಂಧ್ರಗಳ ತಳವನ್ನೂ ಆಮ್ಲದಿಂದ ತೆರೆಯುತ್ತಾನೆ. ಆದರೂ ಹತ್ತಾರು ನ್ಯಾನೊಮೀಟರು ಅಗಲದ ಆ ರಂಧ್ರಗಳು ಅನಿಲಾಣುವಿಗೆ ಹೆದ್ದಾರಿ. ಹಗುರವಾದುದು ತುಸು ಬೇಗ ನುಸುಳೀತು, ಅಷ್ಟೆ. ನಿಜವಾದ ಆಯ್ಕೆಗೆ ಅದರ ಮೇಲೆ ಮ್ಯಾಕ್‌ಬೇನರ ಜರಡಿಯ ತೆಳುಪದರವೊಂದು ಬೇಕೇ ಬೇಕು.

ಪುಣೆಯ ಪೊರೆಗಳು ಜನಸಾಮಾನ್ಯರ ಕಿವಿಗೆ ಬಿದ್ದುದು 2020ರ ಸಾಂಕ್ರಾಮಿಕದ ಕಾಲದಲ್ಲಿ. ಪ್ರಯೋಗಶಾಲೆಯಿಂದ ಹೊರಟ ಜೆನ್ರಿಚ್ ಎಂಬ ಕಿರುಸಂಸ್ಥೆಯು ಭಾರತ್ ಇಲೆಕ್ಟ್ರಾನಿಕ್ಸ್ ಜೊತೆಗೂಡಿ ಸಿದ್ಧಪಡಿಸಿದ ಯಂತ್ರವು, ವಿದ್ಯುತ್ತಿನಿಂದ ಬೆಳೆದುದಲ್ಲದ ಪಾಲಿಮರಿನ ಟೊಳ್ಳುನೂಲುಗಳಿಂದ, ಗಾಳಿಯಲ್ಲಿನ ಶೇಕಡಾ 21ರ ಆಮ್ಲಜನಕವನ್ನು 38–40ಕ್ಕೆ ಏರಿಸಿತು. 1866ರಲ್ಲಿ ರಸಾಯನವಿಜ್ಞಾನಿ ಥಾಮಸ್ ಗ್ರಹಾಂ ಬರಿಯ ರಬ್ಬರಿನ ಪೊರೆಯಿಂದ ಸುಮಾರು 41ನ್ನು ಪಡೆದಿದ್ದರು. ಅವರ ಕಾಲದಿಂದ ಈಚೆಗೆ ಬೆಳೆದುದು ಆ ಅಂಕಿಯಲ್ಲ, ರೋಗಿಯ ಉಸಿರಿಗೆ ಸಾಲುವಷ್ಟು ಬೇಗನೆ ಅದನ್ನು ಒದಗಿಸುವ ಶಕ್ತಿ.